ಮಗಳು ಕಾಲೇಜಿನಲ್ಲಿ ಏನು ಓದಬೇಕು? ಅರ್ಜಿಗೆ ಮುಂಚಿನ ಏಳು ತಿಂಗಳು

ಪ್ರಶ್ನೆ: ನಮ್ಮ ಮಗಳಿಗೆ 17 ವರ್ಷ. ಕಾಲೇಜಿಗೆ ಅರ್ಜಿ ಹಾಕಲು ಇನ್ನು ಏಳು ತಿಂಗಳಿದೆ. ಒಂದು ವಾರ ಸೈಕಾಲಜಿ ಓದ್ತೀನಿ ಅಂತಾಳೆ, ಮುಂದಿನ ವಾರ ಡಿಸೈನ್ ಅಂತಾಳೆ. ಗಣಿತದಲ್ಲಿ ಚೆನ್ನಾಗಿದ್ದಾಳೆ. ಹಾಗಾಗಿ ನಮ್ಮ ಮನೆಯವರು ಕಂಪ್ಯೂಟರ್ ಸೈನ್ಸ್ ತಗೊಳ್ಳಲಿ ಅಂತ ಪಟ್ಟು ಹಿಡಿದಿದ್ದಾರೆ. ಸ್ಕಾಲರ್‌ಶಿಪ್ ಸಿಗದಿದ್ದರೆ ಓದಿಸುವುದು ನಮಗೆ ಕಷ್ಟ. ಕಾಲೇಜಿನ ಅರ್ಜಿಯಲ್ಲೂ ಸ್ಕಾಲರ್‌ಶಿಪ್ ಅರ್ಜಿಯಲ್ಲೂ ಯಾವ ವಿಷಯ ಅಂತ ಬರೆಯಬೇಕು. ಈಗೀಗ ಈ ಮಾತು ತೆಗೆದರೆ ಸಾಕು, ಎದ್ದು ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಒತ್ತಾಯ ಮಾಡದೆ ನಾನು ಹೇಗೆ ಸಹಾಯ ಮಾಡಲಿ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಮೊದಲು ಆ ಬಾಗಿಲಿನ ಬಗ್ಗೆ ಮಾತಾಡೋಣ. ಅವಳು ಬಾಗಿಲು ಹಾಕಿಕೊಳ್ಳುತ್ತಿರುವುದು ಹಟದಿಂದ ಅಲ್ಲ ಅಂತ ನನಗೆ ಅನಿಸುತ್ತದೆ. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ದಿನಾ ಕೇಳಿದರೆ ದೊಡ್ಡವರೂ ಹಾಗೇ ಮಾಡುತ್ತಾರೆ. "ಮುಂದೆ ಏನಾಗ್ತೀಯ?" ಅನ್ನುವುದು 17 ವರ್ಷದ ಹುಡುಗಿಯ ಮಟ್ಟಿಗೆ ಉತ್ತರವೇ ಇಲ್ಲದ ಪ್ರಶ್ನೆ. ಅವಳು ಇನ್ನೂ ಆ ಕೆಲಸಗಳಲ್ಲಿ ಒಂದನ್ನೂ ಮಾಡಿ ನೋಡಿಲ್ಲ. ಹೆಸರುಗಳನ್ನು ಮಾತ್ರ ಕೇಳಿದ್ದಾಳೆ. ಹಾಗಾಗಿ ಆ ಪ್ರಶ್ನೆಯನ್ನು ಒಂದು ತಿಂಗಳು ಪೂರ್ತಿ ನಿಲ್ಲಿಸಿ. ನಿಮ್ಮ ಮನೆಯವರಿಗೂ ಹೇಳಿ. ಏಳು ತಿಂಗಳಲ್ಲಿ ಒಂದು ತಿಂಗಳು ಸುಮ್ಮನಿದ್ದರೆ ಏನೂ ಹಾಳಾಗುವುದಿಲ್ಲ.

ಮನಸ್ಸು ಆ ಕಡೆ ಈ ಕಡೆ ತೂಗಾಡುವುದು ಅವಳೊಬ್ಬಳ ಸಮಸ್ಯೆಯೂ ಅಲ್ಲ. ಅಮೆರಿಕದ ಶಿಕ್ಷಣ ಅಂಕಿಅಂಶ ಕೇಂದ್ರ 2017ರಲ್ಲಿ ಒಂದು ಲೆಕ್ಕ ಕೊಟ್ಟಿತ್ತು. ಅಲ್ಲಿ ಕಾಲೇಜು ಸೇರಿ ಮುಖ್ಯ ವಿಷಯ ಆರಿಸಿಕೊಂಡವರಲ್ಲಿ ಸುಮಾರು 30 ಶೇಕಡ ವಿದ್ಯಾರ್ಥಿಗಳು ಮೂರು ವರ್ಷದೊಳಗೆ ಒಮ್ಮೆಯಾದರೂ ವಿಷಯ ಬದಲಿಸಿದ್ದರು. ಹತ್ತರಲ್ಲಿ ಒಬ್ಬರು ಒಂದಕ್ಕಿಂತ ಹೆಚ್ಚು ಸಲ ಬದಲಿಸಿದ್ದರು. ಗಣಿತ ತಗೊಂಡು ಶುರು ಮಾಡಿದವರಲ್ಲಂತೂ 52 ಶೇಕಡ ಮಂದಿ ಬೇರೆ ಕಡೆ ಹೋಗಿದ್ದರು. ಗಣಿತ ಆರಿಸಿಕೊಳ್ಳುವವರು ಸಾಮಾನ್ಯವಾಗಿ ಶಾಲೆಯಲ್ಲಿ ಗಣಿತದಲ್ಲಿ ಮುಂದಿದ್ದವರೇ ಅಲ್ವಾ? ಆದರೂ ಅರ್ಧಕ್ಕಿಂತ ಜಾಸ್ತಿ ಜನ ಬಿಟ್ಟರು. ಶಾಲೆಯ ಗಣಿತವೇ ಬೇರೆ, ಕಾಲೇಜಿನ ಗಣಿತವೇ ಬೇರೆ. ಹೆಸರು ಒಂದೇ ಇರಬಹುದು, ಒಳಗಿರುವ ಕೆಲಸ ಬೇರೆ. ನಾನು ಹೇಳಬೇಕೆಂದಿರುವುದರ ತಿರುಳು ಇಷ್ಟೇ: ನಿಮ್ಮ ಮಗಳು ಈಗ ಮೂರು ಹೆಸರುಗಳ ನಡುವೆ ಒದ್ದಾಡುತ್ತಿದ್ದಾಳೆ, ಅವಳಿಗೆ ಆ ಹೆಸರುಗಳ ಒಳಗಿನ ಕೆಲಸವನ್ನು ತೋರಿಸಬೇಕು.

ಅದಕ್ಕೂ ಮೊದಲು ನೀವೇ ಮಾಡಬೇಕಾದ ಒಂದು ಕೆಲಸವಿದೆ. ಅವಳು ಅರ್ಜಿ ಹಾಕುವ ಕಡೆ ಈ ಆಯ್ಕೆ ಯಾವಾಗ ಗಟ್ಟಿಯಾಗುತ್ತದೆ ಅಂತ ತಿಳಿದುಕೊಳ್ಳಿ. ಎಲ್ಲ ಕಡೆ ಒಂದೇ ಪದ್ಧತಿ ಇಲ್ಲ. ಅಮೆರಿಕದ ಬಹಳಷ್ಟು ಕಾಲೇಜುಗಳಲ್ಲಿ ಎರಡನೇ ವರ್ಷದ ಕೊನೆಯವರೆಗೂ ಮುಖ್ಯ ವಿಷಯ ಹೇಳದೆ ಓದಬಹುದು. ಅರ್ಜಿಯಲ್ಲಿ "ಇನ್ನೂ ತೀರ್ಮಾನಿಸಿಲ್ಲ" ಅಂತ ಬರೆಯಲೂ ಅಲ್ಲಿ ಅವಕಾಶ ಇರುತ್ತದೆ. ಆದರೆ ಅಲ್ಲೇ ಎಂಜಿನಿಯರಿಂಗ್, ನರ್ಸಿಂಗ್, ಹಲವು ದೊಡ್ಡ ವಿಶ್ವವಿದ್ಯಾಲಯಗಳ ಕಂಪ್ಯೂಟರ್ ಸೈನ್ಸ್ ಇವಕ್ಕೆಲ್ಲ ಮೊದಲೇ ನೇರವಾಗಿ ಸೇರಬೇಕು. ಆಮೇಲೆ ಒಳಗೆ ಹೋಗುವುದು ಕಷ್ಟ. ಇಂಗ್ಲೆಂಡಿನಲ್ಲಿ ಅರ್ಜಿ ಹಾಕುವಾಗಲೇ ಕೋರ್ಸ್ ಹೇಳಬೇಕು. ಅಲ್ಲಿನ ವಿಶ್ವವಿದ್ಯಾಲಯಗಳಿಗೆಲ್ಲ ಒಟ್ಟಿಗೆ ಅರ್ಜಿ ಹಾಕುವ ವ್ಯವಸ್ಥೆಗೆ ಯೂಕ್ಯಾಸ್ ಅಂತಾರೆ. ಆ ಅರ್ಜಿಯಲ್ಲಿ ಐದು ಕೋರ್ಸ್ ಹಾಕಬಹುದು, ಆದರೆ ತನ್ನ ಬಗ್ಗೆ ಬರೆಯುವ ಹೇಳಿಕೆ ಐದಕ್ಕೂ ಒಂದೇ. ಸೈಕಾಲಜಿಗೂ ಡಿಸೈನ್‌ಗೂ ಒಂದೇ ಹೇಳಿಕೆ ಬರೆದರೆ ಎರಡೂ ಕಡೆ ಸಪ್ಪೆಯಾಗುತ್ತದೆ. ಪಕ್ಕದ ಸ್ಕಾಟ್ಲೆಂಡಿನಲ್ಲಿ ಆನರ್ಸ್ ಪದವಿ ನಾಲ್ಕು ವರ್ಷ, ಮೊದಲ ಎರಡು ವರ್ಷ ಎರಡು ಮೂರು ವಿಷಯ ಜೊತೆಗೆ ಓದಬಹುದು. ಒಂದು ಕಡೆ ತೀರ್ಮಾನಕ್ಕೆ ಎರಡು ವರ್ಷ ಸಮಯ ಇದೆ, ಇನ್ನೊಂದು ಕಡೆ ಏಳೇ ತಿಂಗಳು. ಇದು ಗೊತ್ತಾದರೆ ಮನೆಯೊಳಗಿನ ಅರ್ಧ ಜಗಳ ತಣ್ಣಗಾಗುತ್ತದೆ. ಎಷ್ಟೋ ಮನೆಗಳಲ್ಲಿ ಇನ್ನೂ ತೀರ್ಮಾನಿಸಬೇಕಾಗಿಯೇ ಇಲ್ಲದ ವಿಷಯಕ್ಕೆ ಜಗಳ ಆಡುವುದನ್ನು ನೋಡಿದ್ದೇನೆ.

ಇನ್ನು "ನಿನಗೆ ಯಾವುದು ಇಷ್ಟವೋ ಅದನ್ನು ಓದು" ಅನ್ನುವ ಮಾತು. ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ಅದರಿಂದ ಮಕ್ಕಳಿಗೆ ತೊಂದರೆಯೂ ಆಗುತ್ತದೆ. ಇಷ್ಟ ಅನ್ನುವುದು ಎಲ್ಲೋ ಒಳಗೆ ರೆಡಿಯಾಗಿ ಕೂತಿದೆ, ಹುಡುಕಿ ತೆಗೆಯಬೇಕು ಅಷ್ಟೇ ಅಂತ ಅವರು ನಂಬಿಬಿಡುತ್ತಾರೆ. ಮನಃಶಾಸ್ತ್ರಜ್ಞರಾದ ಪಾಲ್ ಓಕೀಫ್, ಕ್ಯಾರೊಲ್ ಡ್ವೆಕ್, ಗ್ರೆಗರಿ ವಾಲ್ಟನ್ 2018ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಪರೀಕ್ಷೆ ಮಾಡಿತ್ತು. ಕಪ್ಪು ಕುಳಿಗಳ ಬಗ್ಗೆ ಒಂದು ಚಂದದ ವಿಡಿಯೊ ತೋರಿಸಿದರು. ಎಲ್ಲರಿಗೂ ಖುಷಿಯಾಯಿತು. ಆಮೇಲೆ ಅದೇ ವಿಷಯದ ಮೇಲೆ ಕಷ್ಟದ ಒಂದು ವಿಜ್ಞಾನ ಲೇಖನ ಓದಲು ಕೊಟ್ಟರು. ಆಸಕ್ತಿ ಹುಟ್ಟಿನಿಂದಲೇ ಇರುತ್ತದೆ, ಬದಲಾಗುವುದಿಲ್ಲ ಅಂತ ನಂಬಿದವರ ಉತ್ಸಾಹ ಅಲ್ಲಿಗೆ ಇಳಿದುಹೋಯಿತು. ಆಸಕ್ತಿಯನ್ನು ಬೆಳೆಸಿಕೊಳ್ಳಬಹುದು ಅಂತ ನಂಬಿದವರಲ್ಲಿ ಅಷ್ಟು ಇಳಿಯಲಿಲ್ಲ. ನಿಮ್ಮ ಮಗಳು ವಾರಕ್ಕೊಂದು ವಿಷಯ ಹೇಳುವುದರ ಹಿಂದೆಯೂ ಇದೇ ಇರಬಹುದು. ಎಲ್ಲೋ ಒಂದು ಕಷ್ಟದ ಪುಟ ಕಂಡಿರುತ್ತದೆ. "ಓ, ಇದು ನನ್ನದಲ್ಲ" ಅಂತ ಮುಂದಿನದಕ್ಕೆ ಹಾರಿರುತ್ತಾಳೆ. ಕಷ್ಟ ಇಲ್ಲದ ವಿಷಯ ಯಾವುದೂ ಇಲ್ಲ. ಯಾವ ವಿಷಯದ ಕಷ್ಟಕ್ಕೆ ಅವಳು ಮರುದಿನ ತಾನಾಗೇ ವಾಪಸ್ ಬಂದು ಕೂರುತ್ತಾಳೆ ಅನ್ನುವುದನ್ನು ನೋಡಬೇಕು.

ನೋಡುವುದು ಹೇಗೆ? ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಹತ್ತಿರ ಹೋಗಿಯೇ ನೋಡಬೇಕು. ಮೊದಲು ಸಿಲಬಸ್. ಮನೆಯಲ್ಲಿ ಮಾತಿಗೆ ಬಂದಿರುವ ಮೂರು ವಿಷಯಕ್ಕೂ ಎರಡೆರಡು ಕಾಲೇಜುಗಳ ಸಿಲಬಸ್ ತೆಗೆಯಲಿ. ಮೊದಲ ವರ್ಷದ್ದನ್ನು ಬಿಟ್ಟು ಎರಡನೇ ಮತ್ತು ಮೂರನೇ ವರ್ಷದ ಪಟ್ಟಿ ನೋಡಲಿ. ಮೊದಲ ವರ್ಷ ಎಲ್ಲ ಕಡೆ ಸ್ವಲ್ಪ ಪರಿಚಯದ ಪಾಠಗಳೇ ಇರುತ್ತವೆ. ವಿಷಯದ ನಿಜವಾದ ಮುಖ ಕಾಣುವುದು ಆಮೇಲೆ.

ಸೈಕಾಲಜಿ ಅಂದರೆ ಜನರ ಕಷ್ಟ ಕೇಳಿ ಸಮಾಧಾನ ಹೇಳುವುದು ಅಂತ ಬಹಳ ಮಕ್ಕಳು ಅಂದುಕೊಂಡಿರುತ್ತಾರೆ. ಸಿಲಬಸ್ ತೆಗೆದರೆ ಸಂಖ್ಯಾಶಾಸ್ತ್ರ, ಸಂಶೋಧನಾ ವಿಧಾನ, ಮಿದುಳಿನ ಜೀವಶಾಸ್ತ್ರ ಇರುತ್ತವೆ. ಪ್ರಯೋಗ ಮಾಡಿ ವರದಿ ಬರೆಯುವುದಿರುತ್ತದೆ. ಆಪ್ತ ಸಲಹೆ ಕೊಡುವ ಕೆಲಸಕ್ಕೆ ಹೋಗಲು ಸಾಮಾನ್ಯವಾಗಿ ಪದವಿ ಸಾಲದು, ಸ್ನಾತಕೋತ್ತರ ಓದು ಮತ್ತು ತರಬೇತಿ ಬೇಕು. ನಿಮ್ಮ ಮಗಳಿಗೆ ಗಣಿತ ಚೆನ್ನಾಗಿ ಬರುತ್ತದೆ ಅಂದಿರಿ. ಹಾಗಿದ್ದರೆ ಬೇರೆ ಮಕ್ಕಳು ಎಡವುವ ಸಂಖ್ಯಾಶಾಸ್ತ್ರ ಅವಳಿಗೆ ಬಲವಾಗಬಹುದು. ಇದನ್ನು ಅವಳಿಗೆ ಯಾರೂ ಹೇಳಿರಲಾರರು.

ಕಂಪ್ಯೂಟರ್ ಸೈನ್ಸ್ ಕತೆಯೂ ಹೀಗೇ. ಕೋಡ್ ಬರೆಯುವುದು ಅದರ ಒಂದು ಭಾಗ ಅಷ್ಟೇ. ಡಿಸ್ಕ್ರೀಟ್ ಗಣಿತ, ಡೇಟಾ ಸ್ಟ್ರಕ್ಚರ್, ಅಲ್ಗಾರಿದಂ, ಆಪರೇಟಿಂಗ್ ಸಿಸ್ಟಂ, ಇವೇ ಅದರ ಬೆನ್ನೆಲುಬು. ಒಂದು ತಪ್ಪು ಎಲ್ಲಿದೆ ಅಂತ ಮೂರು ಗಂಟೆ ಹುಡುಕುವ ತಾಳ್ಮೆ ಬೇಕು. ಗೇಮ್ ಆಡುವುದು ಇಷ್ಟ ಅಂತ ಇದಕ್ಕೆ ಸೇರಿದ ಹುಡುಗನೊಬ್ಬ ಒಂದೇ ವರ್ಷಕ್ಕೆ ಸೋತು ನನ್ನ ಹತ್ತಿರ ಬಂದಿದ್ದ. ಬುದ್ಧಿಗೆ ಏನೂ ಕಮ್ಮಿ ಇರಲಿಲ್ಲ. ಒಳಗೆ ಏನಿದೆ ಅಂತ ಯಾರೂ ಅವನಿಗೆ ಮುಂಚೆ ತೋರಿಸಿರಲಿಲ್ಲ, ಅಷ್ಟೇ.

ಡಿಸೈನ್ ಓದಿನಲ್ಲಿ ಚಿತ್ರ ಬಿಡಿಸುವುದಕ್ಕಿಂತ ಬಿಡಿಸಿದ್ದನ್ನು ಹರಿದು ಮತ್ತೆ ಮಾಡುವುದು ಜಾಸ್ತಿ. ಮಾಡಿದ ಕೆಲಸವನ್ನು ಗೋಡೆಗೆ ಅಂಟಿಸಿ, ಎಲ್ಲರೆದುರು ಟೀಕೆ ಕೇಳಿಸಿಕೊಳ್ಳಬೇಕು. ಕೆಲವು ಮಕ್ಕಳು ಅದರಿಂದ ಅರಳುತ್ತಾರೆ, ಕೆಲವರು ಕುಗ್ಗಿಹೋಗುತ್ತಾರೆ. ಹಲವು ಡಿಸೈನ್ ಕಾಲೇಜುಗಳು ಅರ್ಜಿಯ ಜೊತೆಗೇ ಪೋರ್ಟ್‌ಫೋಲಿಯೊ, ಅಂದರೆ ತಾನು ಮಾಡಿದ ಕೆಲಸಗಳ ಸಂಗ್ರಹ, ಕೇಳುತ್ತವೆ. ಅದನ್ನು ಕಟ್ಟಲು ತಿಂಗಳುಗಟ್ಟಲೆ ಬೇಕು. ಏಳು ತಿಂಗಳಲ್ಲಿ ಯಾವುದಕ್ಕಾದರೂ ಅವಸರ ಇದ್ದರೆ ಅದು ಇದಕ್ಕೇ. ಡಿಸೈನ್ ಇನ್ನೂ ಪಟ್ಟಿಯಲ್ಲಿದ್ದರೆ ಕೆಲಸ ಇವತ್ತಿನಿಂದಲೇ ಶುರುವಾಗಲಿ. ಕೊನೆಗೆ ಬೇಡ ಅಂದರೂ ಮಾಡಿದ ಕೆಲಸ ವ್ಯರ್ಥವಲ್ಲ.

ಸಿಲಬಸ್ ಓದುವುದು ಒಂದು ಸಂಜೆಯ ಕೆಲಸ. ಮುಂದಿನದು ಅದಕ್ಕಿಂತ ಮುಖ್ಯ. ಒಂದೊಂದು ವಿಷಯಕ್ಕೂ ಎರಡು ವಾರ ಕೊಡಿ. ದಿನಕ್ಕೆ ಒಂದು ಗಂಟೆ ಸಾಕು. ಆ ಎರಡು ವಾರ ಆ ವಿಷಯದ ಬಗ್ಗೆ ವಿಡಿಯೊ ನೋಡುವುದಲ್ಲ, ಆ ವಿಷಯದ ಕೆಲಸವನ್ನೇ ಮಾಡಬೇಕು. ದುಡ್ಡು ಬೇಕಾಗಿಲ್ಲ. ಕಂಪ್ಯೂಟರ್ ಸೈನ್ಸಿಗೆ ಹಾರ್ವರ್ಡ್ ವಿಶ್ವವಿದ್ಯಾಲಯದ ಸಿಎಸ್50 ಪಾಠಗಳು ಉಚಿತವಾಗಿ ಸಿಗುತ್ತವೆ. ಮಕ್ಕಳೂ ಕಲಿಯಬಹುದಾದ ಸ್ಕ್ರ್ಯಾಚ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಿಂದ ಸುಲಭವಾಗಿ ಶುರುವಾಗಿ, ಅದರ ಮುಂದಿನ ಪಾಠಕ್ಕೇ ಕಷ್ಟದ ಸಿ ಭಾಷೆಗೆ ಇಳಿಯುತ್ತದೆ. ಪಾಠ ಕೇಳಿ ಬಿಡಬಾರದು, ಜೊತೆಗೆ ಕೊಡುವ ಲೆಕ್ಕಗಳನ್ನು ತಾನೇ ಬಿಡಿಸಬೇಕು. ಸೈಕಾಲಜಿಗೆ ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ ಉಚಿತ ಪಠ್ಯಪುಸ್ತಕ ಇದೆ. ಅದರಲ್ಲಿ ಎರಡನೇ ಅಧ್ಯಾಯ ಸಂಶೋಧನೆ ಹೇಗೆ ಮಾಡುತ್ತಾರೆ ಅನ್ನುವುದರ ಮೇಲಿದೆ. ಕನಸು, ಪ್ರೀತಿ, ಭಯದ ಅಧ್ಯಾಯಗಳಿಗೆ ಹಾರದೆ ಅದನ್ನೇ ಓದಲಿ. ಖಾನ್ ಅಕಾಡೆಮಿ ಅನ್ನುವ ಉಚಿತ ಕಲಿಕೆಯ ತಾಣದಲ್ಲಿ ಸಂಖ್ಯಾಶಾಸ್ತ್ರದ ಅಭ್ಯಾಸಗಳಿವೆ, ಕೆಲವು ದಿನ ಅವನ್ನು ಮಾಡಲಿ. ಡಿಸೈನ್‌ಗೆ, ಜನ ಬಳಸಲು ಒದ್ದಾಡುವ ಯಾವುದಾದರೂ ಒಂದು ಫಾರಂ ಅಥವಾ ಆ್ಯಪ್ ಪರದೆ ಆರಿಸಿಕೊಂಡು ಹತ್ತು ಥರ ಬಿಡಿಸಲಿ. ಮೂರು ಜನರ ಕೈಗೆ ಕೊಟ್ಟು ಅವರು ಎಲ್ಲಿ ತಡವರಿಸುತ್ತಾರೆ ನೋಡಲಿ. ಮತ್ತೆ ಬಿಡಿಸಲಿ.

ಪ್ರತಿ ದಿನ ಮುಗಿದ ಮೇಲೆ ಎರಡು ಸಾಲು ಬರೆದಿಡಲು ಹೇಳಿ. ಇವತ್ತು ಎಲ್ಲಿ ಸಿಕ್ಕಿಹಾಕಿಕೊಂಡೆ? ನಾಳೆ ಮತ್ತೆ ಕೂರಬೇಕು ಅನಿಸುತ್ತಿದೆಯಾ? ಈ ಎರಡೇ ಪ್ರಶ್ನೆ. ಆರು ವಾರ ಆದ ಮೇಲೆ ಬರೆದಿಟ್ಟದ್ದನ್ನು ಓದಿದರೆ ಅವಳಿಗೇ ಎಷ್ಟೋ ಗೊತ್ತಾಗುತ್ತದೆ. ನೀವು ಅದನ್ನು ಕೇಳಿ ಪಡೆದು ಓದಬೇಡಿ. ತಾನಾಗಿ ತೋರಿಸಿದರೆ ಓದಿ.

ಆಸಕ್ತಿ ಪರೀಕ್ಷೆಗಳನ್ನು ಮಾಡಿಸಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಮಾಡಿಸಬಹುದು. ಅಮೆರಿಕದ ಮನಃಶಾಸ್ತ್ರಜ್ಞ ಜಾನ್ ಹಾಲೆಂಡ್ 1959ರಲ್ಲಿ ಮುಂದಿಟ್ಟ ಸಿದ್ಧಾಂತ ಇವತ್ತಿಗೂ ಬಳಕೆಯಲ್ಲಿದೆ. ಕೈಯಿಂದ ಮಾಡುವುದು, ಹುಡುಕಿ ತಿಳಿಯುವುದು, ಕಲೆ, ಜನರಿಗೆ ನೆರವಾಗುವುದು, ಮುಂದೆ ನಿಂತು ನಡೆಸುವುದು, ಅಚ್ಚುಕಟ್ಟಾಗಿ ಲೆಕ್ಕ ಇಡುವುದು, ಹೀಗೆ ಆರು ಥರದ ಒಲವುಗಳನ್ನು ಅದು ಗುರುತಿಸುತ್ತದೆ. ಅಮೆರಿಕದ ಕಾರ್ಮಿಕ ಇಲಾಖೆಯ ಓನೆಟ್ ತಾಣದಲ್ಲಿ ಇದರ ಮೇಲೆ ಮಾಡಿದ 60 ಪ್ರಶ್ನೆಗಳ ಪರೀಕ್ಷೆ ಉಚಿತವಾಗಿ ಸಿಗುತ್ತದೆ. ಸಾವಿರಾರು ಕೊಟ್ಟು ಮಾಡಿಸುವ ಅಗತ್ಯ ನನಗಂತೂ ಕಾಣುವುದಿಲ್ಲ. ಆದರೆ ಫಲಿತಾಂಶವನ್ನು ತೀರ್ಪು ಅಂತ ತಗೊಳ್ಳಬೇಡಿ. ಮಕ್ಕಳಿಗೆ ಓದಿನ ಬಗ್ಗೆ ಸಲಹೆ ಕೊಡುವ ಈ ಕೆಲಸ ಶುರು ಮಾಡಿದ ಹೊಸದರಲ್ಲಿ ನಾನೂ ಆ ತಪ್ಪು ಮಾಡಿದ್ದೇನೆ. ಪರೀಕ್ಷೆಯ ಹಾಳೆ ನೋಡಿ ಒಬ್ಬ ಹುಡುಗಿಗೆ ದಾರಿ ಹೇಳಿಬಿಟ್ಟೆ. ಅವಳು ಏನೂ ಮಾತಾಡದೆ ತಲೆಯಾಡಿಸಿ ಹೋದಳು. ಆ ಮೌನ ನನಗೆ ಇನ್ನೂ ನೆನಪಿದೆ. ಈಗ ನಾನು ಹಾಳೆಯನ್ನು ಮಕ್ಕಳ ಕೈಗೇ ಕೊಟ್ಟು, "ಇದರಲ್ಲಿ ನಿನಗೆ ಒಪ್ಪದ ಸಾಲು ಯಾವುದು?" ಅಂತ ಕೇಳುತ್ತೇನೆ. ಒಪ್ಪದ ಸಾಲಿನಿಂದಲೇ ಒಳ್ಳೆ ಮಾತು ಶುರುವಾಗುತ್ತದೆ. ಮನುಷ್ಯರ ಸ್ವಭಾವವನ್ನು ನಾಲ್ಕು ಅಕ್ಷರಗಳಲ್ಲಿ ವಿಂಗಡಿಸುವ ಎಂಬಿಟಿಐ ಥರದ ಪರೀಕ್ಷೆಗಳಿವೆಯಲ್ಲ, ಅವನ್ನು ಓದಿನ ವಿಷಯ ಆರಿಸಲು ಬಳಸಲೇಬೇಡಿ. ಕೆಲವು ವಾರ ಬಿಟ್ಟು ಮತ್ತೆ ಮಾಡಿದರೆ ಎಷ್ಟೋ ಜನಕ್ಕೆ ಬೇರೆ ಅಕ್ಷರಗಳೇ ಬರುತ್ತವೆ.

ಪರೀಕ್ಷೆಗಿಂತ ನನಗೆ ಜಾಸ್ತಿ ನಂಬಿಕೆ ಇರುವುದು ಎರಡನೇ ವರ್ಷದ ವಿದ್ಯಾರ್ಥಿಗಳ ಮೇಲೆ. ಮನಃಶಾಸ್ತ್ರಜ್ಞ ಡೇನಿಯಲ್ ಗಿಲ್ಬರ್ಟ್ ಮತ್ತು ಜೊತೆಗಾರರು 2009ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ್ದರು. ಅಪರಿಚಿತ ಹುಡುಗನೊಬ್ಬನ ಜೊತೆ ಐದು ನಿಮಿಷ ಮಾತಾಡುವುದು ಎಷ್ಟು ಖುಷಿ ಕೊಡಬಹುದು ಅಂತ ಹುಡುಗಿಯರು ಮೊದಲೇ ಊಹಿಸಬೇಕಿತ್ತು. ಕೆಲವರಿಗೆ ಅವನ ಫೋಟೊ ಮತ್ತು ವಿವರ ಕೊಟ್ಟರು. ಇನ್ನು ಕೆಲವರಿಗೆ, ಮುಂಚೆ ಅವನ ಜೊತೆ ಮಾತಾಡಿದ ಇನ್ನೊಬ್ಬ ಹುಡುಗಿಗೆ ಎಷ್ಟು ಖುಷಿಯಾಗಿತ್ತು ಅನ್ನುವುದನ್ನು ಮಾತ್ರ ಹೇಳಿದರು. ಎರಡನೇ ಗುಂಪಿನ ಊಹೆಯೇ ನಿಜಕ್ಕೆ ಹತ್ತಿರ ಇತ್ತು. ಆದರೂ ಹೆಚ್ಚಿನವರು ಫೋಟೊ ಮತ್ತು ವಿವರವೇ ಮೇಲು ಅಂದುಕೊಂಡಿದ್ದರು. ಕಾಲೇಜಿನ ಚಂದದ ಕಿರುಹೊತ್ತಿಗೆಗೂ ಈ ಮಾತು ಹೊಂದುತ್ತದೆ ಅಂತ ನನಗನಿಸುತ್ತದೆ. ಈಗ ಅಲ್ಲಿ ಓದುತ್ತಿರುವವಳು ಹೇಗಿದ್ದಾಳೆ ಅಂತ ಕೇಳುವುದು ಮೇಲು.

ಒಂದೊಂದು ವಿಷಯಕ್ಕೆ ಇಬ್ಬರನ್ನಾದರೂ ಹುಡುಕಿ. ಖುಷಿಯಾಗಿರುವವರು ಒಬ್ಬರು, ಬಿಟ್ಟು ಹೋದವರು ಒಬ್ಬರು ಸಿಕ್ಕರೆ ಇನ್ನೂ ಒಳ್ಳೆಯದು. ಮಾತಾಡುವುದು ಮಗಳೇ ಆಗಿರಲಿ, ನೀವು ಪಕ್ಕದಲ್ಲಿ ಕೂರಬೇಡಿ. "ಕೋರ್ಸ್ ಚೆನ್ನಾಗಿದೆಯಾ?" ಅಂತ ಕೇಳಿದರೆ "ಹೂಂ, ಚೆನ್ನಾಗಿದೆ" ಅನ್ನುವ ಉತ್ತರವೇ ಬರುತ್ತದೆ. ಹೋದ ಮಂಗಳವಾರ ಬೆಳಗ್ಗಿನಿಂದ ರಾತ್ರಿವರೆಗೆ ಏನೇನು ಮಾಡಿದೆ ಅಂತ ಕೇಳಲಿ. ಈ ವರ್ಷ ನಿನಗೆ ಅಳು ತರಿಸಿದ ಪೇಪರ್ ಯಾವುದು, ನಿನ್ನ ಜೊತೆ ಸೇರಿದವರಲ್ಲಿ ಬಿಟ್ಟು ಹೋದವರು ಯಾಕೆ ಬಿಟ್ಟರು ಅಂತ ಕೇಳಲಿ.

ಈಗ ನಿಮ್ಮ ಮನೆಯವರ ಮಾತಿಗೆ ಬರೋಣ. ಅವರ ಮಾತನ್ನು ತಳ್ಳಿಹಾಕಬೇಡಿ. ಮಗಳು ತನ್ನ ಕಾಲ ಮೇಲೆ ನಿಲ್ಲಬೇಕು ಅನ್ನುವ ಚಿಂತೆ ಅದು, ನ್ಯಾಯವಾದ ಚಿಂತೆ. ಅದರಲ್ಲಿ ನಿಜವೂ ಇದೆ. ಕೆಲವು ಬಾಗಿಲುಗಳು ಬೇಗ ಮುಚ್ಚುತ್ತವೆ. ಒಂದರ ಮೇಲೊಂದು ಇಟ್ಟಿಗೆ ಇಟ್ಟ ಹಾಗೆ ಕಟ್ಟಬೇಕಾದ ವಿಷಯಗಳು ಗಣಿತ, ಭೌತಶಾಸ್ತ್ರ, ಎಂಜಿನಿಯರಿಂಗ್, ಸಂಗೀತ. ನಡುವೆ ಎರಡು ವರ್ಷ ಬಿಟ್ಟರೆ ಮತ್ತೆ ಸೇರಿಕೊಳ್ಳುವುದು ಕಷ್ಟ. ಹಾಗಾಗಿ ಯಾವ ವಿಷಯ ಆರಿಸಿದರೂ ಗಣಿತವನ್ನು ಮಾತ್ರ ಬಿಡುವುದು ಬೇಡ ಅಂತ ಅವಳಿಗೆ ಹೇಳಿ. ಸೈಕಾಲಜಿಗೂ ಕಂಪ್ಯೂಟರ್ ಸೈನ್ಸಿಗೂ ಅದು ಬೇಕಾಗುತ್ತದೆ. ವೈದ್ಯರು, ನರ್ಸ್, ಆರ್ಕಿಟೆಕ್ಟ್ ಇಂಥ ಲೈಸೆನ್ಸ್ ಬೇಕಾದ ಕೆಲಸಗಳಿಗೆ ಗೊತ್ತಾದ ಓದೇ ಆಗಬೇಕು. ಆದರೆ ಅದರಲ್ಲೂ ದೇಶದಿಂದ ದೇಶಕ್ಕೆ ವ್ಯತ್ಯಾಸ ಇದೆ. ಇಂಗ್ಲೆಂಡಿನಲ್ಲಿ ಶಾಲೆ ಮುಗಿಸಿ ನೇರವಾಗಿ ವೈದ್ಯಕೀಯಕ್ಕೆ ಸೇರಬಹುದು. ಅಮೆರಿಕದಲ್ಲಿ ಮೊದಲು ಯಾವುದಾದರೂ ಪದವಿ ಮುಗಿಸಬೇಕು, ಇಂಥದ್ದೇ ವಿಷಯ ಆಗಬೇಕು ಅಂತ ಇಲ್ಲ, ಬೇಕಾದ ವಿಜ್ಞಾನದ ಪಾಠಗಳನ್ನು ಓದಿರಬೇಕು ಅಷ್ಟೇ. ಕಾನೂನಿಗೂ ಅಲ್ಲಿ ಹಾಗೇ.

ನಿಮ್ಮ ಮನೆಯವರ ಹತ್ತಿರ ಒಂದು ವಿಷಯ ಬಿಡಿಸಿ ಹೇಳಬೇಕು. ಅಂಕ ಬರುತ್ತದೆ ಅಂದರೆ ಅದೇ ವಿಷಯ ಓದಬೇಕು ಅಂತ ಆಗುವುದಿಲ್ಲ. 2013ರಲ್ಲಿ ಮಿಂಗ್-ಟೆ ವಾಂಗ್, ಜ್ಯಾಕ್ವೆಲಿನ್ ಎಕ್ಲ್ಸ್ ಮತ್ತು ಸಾರಾ ಕೆನ್ನಿ ಪ್ರಕಟಿಸಿದ ಅಧ್ಯಯನದಲ್ಲಿ, ಗಣಿತ ಮತ್ತು ಭಾಷೆ ಎರಡರಲ್ಲೂ ಚುರುಕಾದವರು ವಿಜ್ಞಾನ, ತಂತ್ರಜ್ಞಾನದ ಕೆಲಸಗಳಿಗೆ ಹೋಗಿದ್ದು, ಗಣಿತದಲ್ಲಿ ಮಾತ್ರ ಚುರುಕಾದವರಿಗಿಂತ ಕಮ್ಮಿ. ಎರಡರಲ್ಲೂ ಚುರುಕಾದ ಗುಂಪಿನಲ್ಲಿ ಹೆಣ್ಣುಮಕ್ಕಳೇ ಹೆಚ್ಚು ಇದ್ದರು. ಅವರಿಗೆ ಸಾಮರ್ಥ್ಯ ಕಮ್ಮಿ ಇರಲಿಲ್ಲ, ದಾರಿಗಳು ಜಾಸ್ತಿ ಇದ್ದವು. ನಿಮ್ಮ ಮಗಳ ಗೊಂದಲಕ್ಕೂ ಇದೇ ಕಾರಣ ಇರಬಹುದು.

ಇನ್ನೊಂದು ಮಾತು ನಿಮ್ಮಿಬ್ಬರಿಗೆ ಮಾತ್ರ. ಸೈಕಾಲಜಿ, ಡಿಸೈನ್, ಕಂಪ್ಯೂಟರ್, ಈ ಮೂರೂ ಒಂದೇ ಕಡೆ ಸೇರುವ ಕ್ಷೇತ್ರ ನಿಜವಾಗಲೂ ಇದೆ. ಮನುಷ್ಯರು ಯಂತ್ರಗಳನ್ನು ಹೇಗೆ ಬಳಸುತ್ತಾರೆ, ಎಲ್ಲಿ ತಡವರಿಸುತ್ತಾರೆ, ಅದನ್ನು ಹೇಗೆ ಸುಲಭ ಮಾಡಬಹುದು ಅನ್ನುವ ಓದು ಅದು. ಹ್ಯೂಮನ್ ಕಂಪ್ಯೂಟರ್ ಇಂಟರ್‌ಆ್ಯಕ್ಷನ್ ಅಂತ ಕರೆಯುತ್ತಾರೆ. ಮನಸ್ಸು ಹೇಗೆ ಕೆಲಸ ಮಾಡುತ್ತದೆ ಅಂತ ಓದುವ ಕಾಗ್ನಿಟಿವ್ ಸೈನ್ಸ್ ಅನ್ನುವುದೂ ಇದರ ನೆಂಟನೇ. ಕೆಲವು ಕಡೆ ಪೂರ್ತಿ ಪದವಿಯಾಗಿಯೇ ಇದೆ. ಕೆಲವು ಕಡೆ ಒಂದನ್ನು ಮುಖ್ಯ ವಿಷಯವಾಗಿ, ಇನ್ನೊಂದನ್ನು ಮೈನರ್ (ಜೊತೆಗಿನ ಚಿಕ್ಕ ವಿಷಯ) ಆಗಿ ತಗೊಂಡು ಅಲ್ಲಿಗೆ ತಲುಪಬಹುದು. ಆದರೆ ದಯವಿಟ್ಟು ನಾಳೆಯೇ ಹೋಗಿ "ಉತ್ತರ ಸಿಕ್ತು!" ಅಂತ ಹೇಳಬೇಡಿ. ನೀವು ಹೇಳಿದರೆ ಅದು ನಿಮ್ಮ ಉತ್ತರ ಆಗಿಬಿಡುತ್ತದೆ. ಸಿಲಬಸ್‌ಗಳ ಜೊತೆ ಇದರದ್ದೂ ಒಂದು ಸೇರಿಸಿಡಿ. ಕಣ್ಣಿಗೆ ಬಿದ್ದರೆ ಬೀಳಲಿ.

ಇನ್ನು ಸ್ಕಾಲರ್‌ಶಿಪ್. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ದುಡ್ಡಿನ ಭಯದಲ್ಲಿ ತಪ್ಪು ವಿಷಯ ಹಿಡಿದವರನ್ನು ತುಂಬಾ ನೋಡಿದ್ದೇನೆ. ಸ್ಕಾಲರ್‌ಶಿಪ್‌ಗಳಲ್ಲಿ ಮೂರು ಥರ. ಮನೆಯ ಆದಾಯ ನೋಡಿ ಕೊಡುವವು ಒಂದು. ಇವಕ್ಕೆ ಸಾಮಾನ್ಯವಾಗಿ ವಿಷಯದ ಹಂಗಿಲ್ಲ. ಅಂಕ, ಪ್ರತಿಭೆ ನೋಡಿ ಕೊಡುವವು ಇನ್ನೊಂದು. ಇಂಥ ವಿಷಯ ಓದುವವರಿಗೆ ಮಾತ್ರ ಅಂತ ಮೀಸಲಿಟ್ಟವು ಮೂರನೆಯವು. ಮಗಳ ಪಟ್ಟಿಯಲ್ಲಿರುವ ಸ್ಕಾಲರ್‌ಶಿಪ್‌ಗಳನ್ನು ಮೊದಲು ಈ ಮೂರು ಗುಂಪು ಮಾಡಿ. ನಿಮಗೆ ಬೇಕಾದ ನೆರವಿನಲ್ಲಿ ಬಹುಪಾಲು ಮೊದಲೆರಡು ಗುಂಪಿನಲ್ಲೇ ಇದ್ದರೆ, ವಿಷಯ ಆರಿಸಲು ಅವಳಿಗೆ ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಸ್ವಾತಂತ್ರ್ಯ ಇದೆ.

ಮೂರನೇ ಗುಂಪಿಗೆ ಅರ್ಜಿ ಹಾಕುವ ಮುಂಚೆ ಷರತ್ತುಗಳನ್ನು ಲಿಖಿತವಾಗಿ ತರಿಸಿಕೊಳ್ಳಿ. ವಿಷಯ ಬದಲಿಸಿದರೆ ಹಣ ನಿಲ್ಲುತ್ತದೆಯಾ? ಈಗಾಗಲೇ ಕೊಟ್ಟದ್ದನ್ನು ವಾಪಸ್ ಕೇಳುತ್ತಾರಾ? ಒಂದು ವರ್ಷಕ್ಕೆ ಮಾತ್ರವಾ, ಓದು ಮುಗಿಯುವವರೆಗಾ? ಮುಂದುವರಿಸಲು ಎಷ್ಟು ಅಂಕ ಬೇಕು? ಕೊನೆಯ ಪ್ರಶ್ನೆಯನ್ನು ಬಹಳ ಜನ ಕೇಳುವುದೇ ಇಲ್ಲ. ಕಷ್ಟದ ವಿಷಯದಲ್ಲಿ ಮೊದಲ ವರ್ಷ ಅಂಕ ಇಳಿಯುವುದು ಸಹಜ. ಮಿತಿ ತುಂಬಾ ಮೇಲಿದ್ದರೆ, ಎರಡನೇ ವರ್ಷ ವಿಷಯವೂ ಬೇಡವಾಗಿ, ಹಣವೂ ನಿಂತಿರುತ್ತದೆ. ಇಷ್ಟವಿಲ್ಲದೆ ಓದುವವರಿಗೆ ಹೀಗಾಗುವುದು ಜಾಸ್ತಿ. ಅಂಥ ಸ್ಕಾಲರ್‌ಶಿಪ್ ನಂಬಿ ವಿಷಯ ಆರಿಸಿದರೆ ಎರಡು ಕಡೆಯಿಂದಲೂ ನಷ್ಟ.

ತಡವಾಗಿ ವಿಷಯ ಬದಲಿಸಿದರೂ ಖರ್ಚು ಬರುತ್ತದೆ. ಅಮೆರಿಕದಲ್ಲಿ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್ (ಪಾಸಾದ ಒಂದೊಂದು ಪಾಠಕ್ಕೂ ಸಿಗುವ ಲೆಕ್ಕ) ಬೇಕು. ಮೊದಲ ವರ್ಷ ಬದಲಿಸಿದರೆ ಓದಿದ್ದರಲ್ಲಿ ಹೆಚ್ಚಿನದು ಹೊಸ ವಿಷಯಕ್ಕೂ ಲೆಕ್ಕಕ್ಕೆ ಬರುತ್ತದೆ. ಮೂರನೇ ವರ್ಷ ಬದಲಿಸಿದರೆ ಒಂದೆರಡು ಸೆಮಿಸ್ಟರ್ ಹೆಚ್ಚು ಓದಬೇಕಾಗಬಹುದು. ಅಲ್ಲಿನ ಸರ್ಕಾರ ಕಡಿಮೆ ಆದಾಯದ ಮನೆಯ ಮಕ್ಕಳಿಗೆ ಕೊಡುವ ಪೆಲ್ ಗ್ರ್ಯಾಂಟ್ ಜೀವಮಾನಕ್ಕೆ ಸುಮಾರು 12 ಸೆಮಿಸ್ಟರ್‌ಗೆ ಮಾತ್ರ. ಆಮೇಲೆ ಸ್ವಂತ ಹಣ. ಹಾಗಾಗಿ ಬದಲಿಸುವುದಾದರೆ ಬೇಗ ಬದಲಿಸಬೇಕು. ಬದಲಿಸಿದರೆ ಮನೆಯಲ್ಲಿ ಬೈಗುಳ ಗ್ಯಾರಂಟಿ ಅಂತ ಗೊತ್ತಿದ್ದರೆ ಮಕ್ಕಳು ಮೂರನೇ ವರ್ಷದವರೆಗೂ ಬಾಯಿ ಬಿಡುವುದಿಲ್ಲ. "ಮೊದಲ ವರ್ಷದಲ್ಲಿ ಬೇಡ ಅನಿಸಿದರೆ ಬಂದು ಹೇಳು, ನಾವು ಬೈಯಲ್ಲ" ಅಂತ ಈಗಲೇ ಮಾತು ಕೊಡಿ, ಇಬ್ಬರೂ ಸೇರಿ.

ವಿಷಯಕ್ಕೆ ಕಟ್ಟಿಹಾಕಿದ ಸ್ಕಾಲರ್‌ಶಿಪ್ ಯಾವಾಗಲೂ ಬಂಧನ ಅಂತಲ್ಲ. ವಿಜ್ಞಾನಿ ವೆಂಕಿ ರಾಮಕೃಷ್ಣನ್ ಅವರ ಕತೆ ನೋಡಿ. ಅವರಿಗೆ ವೈದ್ಯಕೀಯಕ್ಕೂ ಸೀಟು ಸಿಕ್ಕಿತ್ತು. ಜೊತೆಗೆ ಮೂಲ ವಿಜ್ಞಾನ ಓದುವವರಿಗೆ ಕೊಡುವ ನ್ಯಾಷನಲ್ ಸೈನ್ಸ್ ಟ್ಯಾಲೆಂಟ್ ಸ್ಕಾಲರ್‌ಶಿಪ್ ಕೂಡ ಬಂತು. ಅವರಿಗೆ ಬೇಕಾಗಿದ್ದ ಭೌತಶಾಸ್ತ್ರಕ್ಕೆ ಅದು ಬಾಗಿಲು ತೆರೆಯಿತು. 1976ರಲ್ಲಿ ಅಮೆರಿಕದ ಓಹಾಯೊ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪಿಎಚ್‌ಡಿ ಮುಗಿಸಿದರು. ಆಮೇಲೆ ಜೀವಶಾಸ್ತ್ರದ ಕಡೆ ಮನಸ್ಸು ಹೋಗಿ, ಪಿಎಚ್‌ಡಿ ಆದವರು ಮತ್ತೆ ವಿದ್ಯಾರ್ಥಿಯಾಗಿ ಸ್ಯಾನ್ ಡಿಯಾಗೊದಲ್ಲಿ ಕೂತು ಜೀವಶಾಸ್ತ್ರ ಕಲಿತರು. 2009ರಲ್ಲಿ ನೊಬೆಲ್ ಬಂದಿದ್ದು ಜೀವಕೋಶದಲ್ಲಿ ಪ್ರೋಟೀನ್ ತಯಾರಿಸುವ ರೈಬೋಸೋಮ್‌ನ ರಚನೆ ಬಿಡಿಸಿದ್ದಕ್ಕೆ, ಅದೂ ರಸಾಯನಶಾಸ್ತ್ರದಲ್ಲಿ! ಎಲ್ಲರಿಗೂ ಹೀಗಾಗುತ್ತದೆ ಅಂತ ಹೇಳುತ್ತಿಲ್ಲ. 17ನೇ ವಯಸ್ಸಿನಲ್ಲಿ ಬರೆದ ವಿಷಯವೇ ಕೊನೆಯ ಮಾತು ಅಂತ ಮಗಳು ಹೆದರಿದ್ದರೆ ಇದನ್ನು ಹೇಳಿ.

ಅರ್ಜಿಯ ಬರಹಕ್ಕೆ ಬೇರೆಯಾಗಿ ಸಿದ್ಧತೆ ಬೇಕಾಗುವುದಿಲ್ಲ. ಯೂಕ್ಯಾಸ್ 2026ರ ಪ್ರವೇಶದಿಂದ ವಿದ್ಯಾರ್ಥಿಗಳಿಗೆ ಮೂರು ಪ್ರಶ್ನೆ ಕೇಳುತ್ತಿದೆ. ಈ ಕೋರ್ಸ್ ಯಾಕೆ ಓದಬೇಕು? ಶಾಲೆಯ ಓದು ನಿನ್ನನ್ನು ಇದಕ್ಕೆ ಹೇಗೆ ತಯಾರು ಮಾಡಿದೆ? ಶಾಲೆಯ ಹೊರಗೆ ಏನು ಮಾಡಿದ್ದೀಯ? ನಿಮ್ಮ ಮಗಳು ಎಲ್ಲೇ ಅರ್ಜಿ ಹಾಕಲಿ, ಮೂರು ವಿಷಯಕ್ಕೂ ಈ ಮೂರು ಪ್ರಶ್ನೆಗೆ ಉತ್ತರ ಬರೆದು ನೋಡಲಿ. ಯಾವ ವಿಷಯಕ್ಕೆ ಪೆನ್ನು ಓಡುತ್ತದೆ, ಯಾವುದಕ್ಕೆ "ನನಗೆ ಚಿಕ್ಕಂದಿನಿಂದಲೂ ತುಂಬಾ ಇಷ್ಟ" ಅನ್ನುವ ಸಾಲಿನ ಮುಂದೆ ಹೋಗುವುದಿಲ್ಲ, ಅವಳಿಗೇ ಕಾಣುತ್ತದೆ. ಸ್ಕಾಲರ್‌ಶಿಪ್ ಕೊಡುವವರು ಆ ಸಾಲನ್ನು ಸಾವಿರ ಸಲ ಓದಿರುತ್ತಾರೆ. "ಒಂದು ಫಾರಂ ಅನ್ನು ಹತ್ತು ಥರ ಬಿಡಿಸಿದೆ, ಏಳನೆಯದನ್ನು ಅಜ್ಜಿ ಒಂದೇ ಸಲಕ್ಕೆ ತುಂಬಿದರು" ಅಂತ ಬರೆದವಳನ್ನು ಅವರು ಮರೆಯುವುದಿಲ್ಲ. ಎರಡೆರಡು ವಾರದ ಆ ಕೆಲಸ ಇಲ್ಲಿಗೂ ಬಂದು ಒದಗುತ್ತದೆ.

ಒಂದು ಎಚ್ಚರಿಕೆ. ಸ್ಕಾಲರ್‌ಶಿಪ್ ಕೊಡಿಸುತ್ತೇವೆ, ಮೊದಲು ಇಷ್ಟು ಹಣ ಕಟ್ಟಿ ಅನ್ನುವವರ ಹತ್ತಿರ ಹೋಗಬೇಡಿ.

ಕೊನೆಯದಾಗಿ, ಅವಳ ಜೊತೆ ಮಾತಾಡುವ ರೀತಿ. ನೆಂಟರ ಎದುರು ಈ ವಿಷಯ ತೆಗೆಯಲೇಬೇಡಿ. ಎದುರುಬದುರು ಕೂರಿಸಿಕೊಂಡು ಕೇಳುವುದಕ್ಕಿಂತ, ಜೊತೆಗೆ ನಡೆಯುವಾಗಲೋ ಏನಾದರೂ ಕೆಲಸ ಮಾಡುವಾಗಲೋ ಮಕ್ಕಳು ಸಲೀಸಾಗಿ ಮಾತಾಡುತ್ತಾರೆ. "ಏನು ತೀರ್ಮಾನ ಮಾಡಿದೆ?" ಅನ್ನಬೇಡಿ. "ಇವತ್ತು ಎಲ್ಲಿ ಸಿಕ್ಕಿಹಾಕಿಕೊಂಡೆ?" ಅಂತ ಕೇಳಿ. ಅವಳು ಹೇಳಲು ಶುರು ಮಾಡಿದರೆ ಸಲಹೆ ಕೊಡಬೇಡಿ, ಪೂರ್ತಿ ಕೇಳಿಸಿಕೊಳ್ಳಿ. ಆರು ವಾರ ಆದ ಮೇಲೆ ಮೂರೂ ಜನ ಕೂತು, ಅವಳು ಮಾತಾಡಿ ನೀವಿಬ್ಬರು ಕೇಳುವ ಒಂದು ಸಂಜೆ ಇಟ್ಟುಕೊಳ್ಳಿ. ಅವಳ ಅಪ್ಪ ತಮ್ಮ ಪ್ರಶ್ನೆಗಳನ್ನು ಮೊದಲೇ ಬರೆದು ಕೊಡಲಿ: ಓದು ಮುಗಿದ ಮೇಲೆ ಏನು ಕೆಲಸ ಸಿಗುತ್ತದೆ, ಇನ್ನೆಷ್ಟು ವರ್ಷ ಓದಬೇಕು, ಖರ್ಚು ಎಷ್ಟು. ಉತ್ತರ ಹುಡುಕಿಕೊಂಡು ಬರುವುದು ಅವಳ ಕೆಲಸ. ಅಪ್ಪನ ಚಿಂತೆ ಪ್ರಶ್ನೆಯ ರೂಪದಲ್ಲಿ ಬಂದರೆ ಮಗಳು ಅದಕ್ಕೆ ಉತ್ತರ ಕೊಡಬಲ್ಲಳು. ಅಪ್ಪಣೆಯ ರೂಪದಲ್ಲಿ ಬಂದರೆ ಬಾಗಿಲು ಹಾಕಿಕೊಳ್ಳುವುದೊಂದೇ ದಾರಿ.

ಆ ಸಂಜೆ ಅವಳು ಮೂರನ್ನೂ ಬಿಟ್ಟು ನಾಲ್ಕನೆಯದೊಂದು ಹೆಸರು ಹೇಳಿದರೂ ಗಾಬರಿಯಾಗಬೇಡಿ. ಅರ್ಜಿಗೆ ಆಗಲೂ ನಾಲ್ಕು ತಿಂಗಳಿಗಿಂತ ಜಾಸ್ತಿ ಸಮಯ ಇರುತ್ತದೆ. ಆ ನಾಲ್ಕನೆಯದಕ್ಕೂ ಎರಡು ವಾರ ಕೊಡಿ, ಸಿಲಬಸ್ ತೆಗೆಯಿರಿ, ಓದುತ್ತಿರುವ ಇಬ್ಬರನ್ನು ಹುಡುಕಿಕೊಡಿ. ಆಮೇಲೆ ಏನಾಯಿತು ಅಂತ ನನಗೂ ಬರೆಯಿರಿ, ಕಾಯುತ್ತಿರುತ್ತೇನೆ.